ಕಾಲು ಮಿಲಿಮೀಟರಿನ ಮಾರುಕಟ್ಟೆ

ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ನಡೆದದ್ದು ಪ್ಯಾರಿಸ್‌ನಲ್ಲಲ್ಲ, ಫ್ರಾನ್ಸಿನ ನಡುಭಾಗದ ಶಾಟೊರೂ ಎಂಬ ಪಟ್ಟಣದಲ್ಲಿ. 2024ರ ಜುಲೈ 29ರಂದು ಅಲ್ಲಿ ಮಹಿಳೆಯರ ಹತ್ತು ಮೀಟರ್ ಏರ್ ರೈಫಲ್ ಫೈನಲ್ ಮುಗಿದಾಗ ದಕ್ಷಿಣ ಕೊರಿಯಾದ ಬಾನ್ ಹ್ಯೋಜಿನ್ ಮತ್ತು ಚೀನಾದ ಹುವಾಂಗ್ ಯುಟಿಂಗ್ ಇಬ್ಬರ ಅಂಕವೂ 251.8. ಚಿನ್ನ ಯಾರದೆಂದು ತೀರ್ಮಾನಿಸಲು ಇಬ್ಬರಿಗೂ ಒಂದೊಂದು ಹೆಚ್ಚುವರಿ ಹೊಡೆತ ನೀಡಲಾಯಿತು. ಬಾನ್ 10.4 ಗಳಿಸಿದರೆ ಹುವಾಂಗ್ 10.3ಕ್ಕೆ ನಿಂತರು. ಹದಿನಾರರ ಹರೆಯದ ಬಾಲಕಿಯ ಕೊರಳಿಗೆ ಚಿನ್ನ ಬಿತ್ತು.

ಒಂದು ದಶಾಂಶ ಅಂಕವೆಂದರೆ ಎಷ್ಟು ದೂರ? ಗುರಿಫಲಕದ ಲೆಕ್ಕದಲ್ಲಿ ಕಾಲು ಮಿಲಿಮೀಟರ್! ಹತ್ತು ಮೀಟರ್ ಆಚೆ ಇರುವ ಫಲಕದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಅದನ್ನು ಹೊಡೆಯಲು ಬಳಸುವ ಸೀಸದ ಪೆಲೆಟ್‌ನ ವ್ಯಾಸ ನಾಲ್ಕೂವರೆ ಮಿಲಿಮೀಟರ್. ಅಂದರೆ ಗುರಿಗಿಂತ ಗುಂಡೇ ಒಂಬತ್ತು ಪಟ್ಟು ಅಗಲ. ಹೀಗಿರುವಾಗ ಶೂಟರ್ ಕೈಯಲ್ಲಿರುವ ಸಲಕರಣೆಯ ಬಗ್ಗೆ ಚರ್ಚೆ ನಡೆಯುವುದು ಸಹಜ. ಅದನ್ನು ತಯಾರಿಸುವ ಕಂಪನಿಗಳ ನಡುವೆ ತುರುಸಿನ ಪೈಪೋಟಿ ಇರುವುದೂ ಅಷ್ಟೇ ಸಹಜ. ಆ ಪೈಪೋಟಿಯ ಕೇಂದ್ರ ಈಗ ನಳಿಗೆಯಿಂದ ಸರಿದು ಎಲೆಕ್ಟ್ರಾನಿಕ್ ಟ್ರಿಗರ್‌ನತ್ತ ಬಂದಿದೆ.

ಉನ್ನತ ಮಟ್ಟದ ಏರ್ ರೈಫಲ್‌ಗಳ ಜಗತ್ತು ಬಹಳ ಚಿಕ್ಕದು. ಅದರ ಭೂಪಟವನ್ನು ಬರೆಯಲು ದಕ್ಷಿಣ ಜರ್ಮನಿಯ ಎರಡು ಊರುಗಳಿಂದ ಆರಂಭಿಸಬೇಕು. ಉಲ್ಮ್ ನಗರದಲ್ಲಿ ಆನ್‌ಶುಟ್ಸ್ ಮತ್ತು ವಾಲ್ಟರ್ ಕಂಪನಿಗಳಿವೆ. ನೆಕ್ಕರ್ ನದಿಯ ದಂಡೆಯ ಓಬರ್ನ್‌ಡಾರ್ಫ್‌ನಲ್ಲಿ ಫೈನ್‌ವೆರ್ಕ್‌ಬೌ ಇದೆ. ಇಂದು ಈ ಮೂವರೂ ಹಳಬರು. ಆದರೆ ಒಂದು ಕಾಲದಲ್ಲಿ ಇವರೇ ನೆಲೆ ಕಳೆದುಕೊಂಡು ಹೊಸದಾಗಿ ಬದುಕು ಕಟ್ಟಿಕೊಂಡವರು. 1856ರಲ್ಲಿ ಸ್ಥಾಪನೆಯಾದ ಆನ್‌ಶುಟ್ಸ್ ಮತ್ತು 1886ರಲ್ಲಿ ಆರಂಭವಾದ ವಾಲ್ಟರ್, ಇವೆರಡರ ಮೂಲವೂ ಥುರಿಂಜಿಯಾ ಪ್ರಾಂತ್ಯದ ತ್ಸೆಲ್ಲಾ ಮತ್ತು ಮೆಹ್ಲಿಸ್ ಎಂಬ ಅಕ್ಕಪಕ್ಕದ ಊರುಗಳು. ಎರಡನೇ ಮಹಾಯುದ್ಧದ ನಂತರ ಆ ಪ್ರದೇಶ ಸೋವಿಯತ್ ವಶಕ್ಕೆ ಹೋದಾಗ ಎರಡೂ ಕಂಪನಿಗಳು ಪಶ್ಚಿಮಕ್ಕೆ ಬಂದು ಉಲ್ಮ್‌ನಲ್ಲಿ ಮತ್ತೆ ನೆಲೆ ಕಂಡುಕೊಂಡವು. ಓಬರ್ನ್‌ಡಾರ್ಫ್‌ನಲ್ಲಿ ಮೌಸರ್ ಕಾರ್ಖಾನೆ ಮುಚ್ಚಿದಾಗ ಅಲ್ಲಿದ್ದ ಎಂಜಿನಿಯರುಗಳಾದ ಕಾರ್ಲ್ ವೆಸ್ಟಿಂಗರ್ ಮತ್ತು ಅರ್ನ್ಸ್ಟ್ ಆಲ್ಟೆನ್‌ಬರ್ಗರ್ ಸೇರಿ ಕಟ್ಟಿದ್ದು ಫೈನ್‌ವೆರ್ಕ್‌ಬೌ. ಆ ಹೆಸರಿನ ಅರ್ಥವೇ ಸೂಕ್ಷ್ಮ ಯಂತ್ರ ನಿರ್ಮಾಣ. ಸೋತ ಜರ್ಮನಿಯಲ್ಲಿ ಮದ್ದುಗುಂಡಿನ ಬಂದೂಕು ತಯಾರಿಕೆಗೆ ನಿರ್ಬಂಧವಿದ್ದುದರಿಂದ ಕುಶಲಕರ್ಮಿಗಳ ಜಾಣ್ಮೆ ಗಾಳಿ ಬಂದೂಕಿನತ್ತ ಹರಿಯಿತು.

ನಂತರದ ದಶಕಗಳಲ್ಲಿ ತಂತ್ರಜ್ಞಾನ ಬದಲಾದಾಗಲೆಲ್ಲ ಮಾರುಕಟ್ಟೆಯ ಪಂಕ್ತಿಯೂ ಅದಲುಬದಲಾಯಿತು. ಸ್ಪ್ರಿಂಗ್‌ನಿಂದ ನಡೆಯುವ ರೈಫಲ್ ಹೊಡೆತದ ಕ್ಷಣದಲ್ಲಿ ಜಗ್ಗುತ್ತದೆ. 1960ರ ದಶಕದಲ್ಲಿ ಫೈನ್‌ವೆರ್ಕ್‌ಬೌ ಇಡೀ ಯಂತ್ರಭಾಗವೇ ಹಳಿಯ ಮೇಲೆ ಹಿಂದಕ್ಕೆ ಜಾರುವಂತೆ ಮಾಡಿ ಆ ಜಗ್ಗಾಟವನ್ನು ನುಂಗಿಹಾಕಿತು. 1970ರ ದಶಕದಲ್ಲಿ ವಾಲ್ಟರ್, ಒಂದೇ ಸಲ ಸನ್ನೆ ಎಳೆದು ಗಾಳಿಯನ್ನು ಅದುಮಿಡುವ ಪದ್ಧತಿಯನ್ನು ಮುಂದೆ ತಂದಿತು. ಮುಂದೆ ಇಂಗಾಲದ ಡೈ ಆಕ್ಸೈಡ್ ಸಿಲಿಂಡರ್ ಬಂತು. ಅದರ ಬೆನ್ನಿಗೇ ಇನ್ನೂರು ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಬಂತು. ಆಸ್ಟ್ರಿಯಾದ ಸ್ಟೈರ್ ಈ ವಲಯದಲ್ಲಿ ಗಟ್ಟಿಯಾಗಿ ಕಾಲೂರಿದ್ದು ಸಿಲಿಂಡರ್ ಯುಗದಲ್ಲಿಯೇ. ಹಳೆಯ ತಂತ್ರಕ್ಕೆ ಹಾಕಿದ ಬಂಡವಾಳ ಹಳಬರ ಕಾಲಿಗೆ ತೊಡರುವ ಹೊತ್ತಿನಲ್ಲಿ ಹೊಸಬರಿಗೆ ಬಾಗಿಲು ತೆರೆಯುತ್ತದೆ. ಕೈಗಡಿಯಾರದಿಂದ ಕ್ಯಾಮೆರಾದವರೆಗೆ ಎಲ್ಲ ಉದ್ಯಮಗಳಲ್ಲೂ ಕಂಡ ನಿಯಮವೇ ಇದು.

ಎಲೆಕ್ಟ್ರಾನಿಕ್ ಟ್ರಿಗರ್ ಅಂಥ ಇನ್ನೊಂದು ಬಾಗಿಲು. ಸಾಂಪ್ರದಾಯಿಕ ರೈಫಲ್‌ನಲ್ಲಿ ಬೆರಳು ಕುದುರೆಯನ್ನು ಒತ್ತಿದಾಗ ನುಣುಪಾಗಿ ಉಜ್ಜಿದ ಉಕ್ಕಿನ ಅಂಚುಗಳು ಒಂದರ ಮೇಲಿನಿಂದ ಒಂದು ಜಾರಿ ಸುತ್ತಿಗೆಯನ್ನು ಬಿಡುಗಡೆ ಮಾಡುತ್ತವೆ. ಈ ಅಂಚುಗಳು ಸವೆಯುತ್ತವೆ. ದೂಳು, ಎಣ್ಣೆ, ಚಳಿ ಎಲ್ಲವೂ ಅವುಗಳ ಮೇಲೆ ಪರಿಣಾಮ ಬೀರುತ್ತವೆ. ಎಲೆಕ್ಟ್ರಾನಿಕ್ ಪದ್ಧತಿಯಲ್ಲಿ ಬೆರಳಿನ ಒತ್ತಡವನ್ನು ಒಂದು ಸಂವೇದಕ ಗ್ರಹಿಸುತ್ತದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ ಸಣ್ಣ ವಿದ್ಯುತ್ಕಾಂತವೊಂದನ್ನು ಚಾಲನೆಗೊಳಿಸಿ ಗಾಳಿಯ ಕವಾಟವನ್ನು ತೆರೆಯಿಸುತ್ತದೆ. ಸುತ್ತಿಗೆಯ ಭಾರವನ್ನು ಟ್ರಿಗರ್ ಹೊರಬೇಕಾಗಿಲ್ಲ. ಮೊದಲ ಹೊಡೆತದ ಅನುಭವವೇ ಅರವತ್ತನೆಯದರಲ್ಲೂ ಇರುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್‌ನ ನಿಯಮಗಳೂ ಇದಕ್ಕೆ ಅವಕಾಶ ಕೊಟ್ಟಿವೆ. ಎಲ್ಲ ಭಾಗಗಳೂ ಬಂದೂಕಿನೊಳಗೇ ಭದ್ರವಾಗಿರಬೇಕು, ಟ್ರಿಗರ್ ಅನ್ನು ಶೂಟರ್‌ನ ಕೈಯೇ ಒತ್ತಬೇಕು ಎಂಬುದು ಷರತ್ತು.

ಈ ದಾರಿಯನ್ನು ಮೊದಲು ಹಸನುಗೊಳಿಸಿದ್ದು ರೈಫಲ್ ತಯಾರಕರಲ್ಲ, ಪಿಸ್ತೂಲು ತಯಾರಕರು. ಸ್ವಿಟ್ಜರ್ಲೆಂಡಿನ ಮೊರಿನಿ ಎಂಬ ಪುಟ್ಟ ಕಂಪನಿ 1990ರ ದಶಕದಲ್ಲಿಯೇ ಎಲೆಕ್ಟ್ರಾನಿಕ್ ಟ್ರಿಗರ್‌ನ ಏರ್ ಪಿಸ್ತೂಲನ್ನು ಮಾರುಕಟ್ಟೆಗೆ ತಂದು ವಿಶ್ವದರ್ಜೆಯ ಶೂಟರ್‌ಗಳ ಕೈಗಿತ್ತಿತು. ಸ್ಟೈರ್ ತನ್ನ ಪಿಸ್ತೂಲು ಮತ್ತು ರೈಫಲ್ ಎರಡರಲ್ಲೂ ಈ ಪದ್ಧತಿಯನ್ನು ಅಳವಡಿಸಿತು. ಹಳಬರ ಪೈಕಿ ವಾಲ್ಟರ್ ತನ್ನ ಎಲ್‌ಜಿ-400 ರೈಫಲ್‌ಗೆ ಎಲೆಕ್ಟ್ರಾನಿಕ್ ಆವೃತ್ತಿಯನ್ನು ಸೇರಿಸಿತು. ಪಿಸ್ತೂಲಿಗೆ ಹೆಸರಾಗಿದ್ದ ಇಟಲಿಯ ಪಾರ್ದಿನಿ ಕೂಡ ಜಿಪಿಆರ್-1 ಮೂಲಕ ರೈಫಲ್ ಅಂಗಳಕ್ಕೆ ಇಳಿದಿದೆ. 2013ರಲ್ಲಿ ಅರ್ಹತಾ ಸುತ್ತಿನ ಅಂಕಗಳನ್ನೂ ದಶಾಂಶದಲ್ಲಿ ಎಣಿಸುವ ಪದ್ಧತಿ ಬಂದ ಮೇಲಂತೂ ಈ ಬೇಡಿಕೆಗೆ ಹೊಸ ಕಾರಣ ಸಿಕ್ಕಿತು. ಹಿಂದೆ ಹತ್ತು ಎಂದರೆ ಹತ್ತು. ಈಗ 10.0 ಬೇರೆ, 10.9 ಬೇರೆ.

ಹಾಗೆಂದು ಹಳಬರೆಲ್ಲ ಉಕ್ಕಿನ ಪಕ್ಷ, ಹೊಸಬರೆಲ್ಲ ವಿದ್ಯುತ್ತಿನ ಪಕ್ಷ ಎಂದು ಗೆರೆ ಎಳೆಯುವುದು ತಪ್ಪಾಗುತ್ತದೆ. ಒಲಿಂಪಿಕ್ಸ್ ವಲಯದ ಹೊರಗಿನ ದುಬಾರಿ ಏರ್ ರೈಫಲ್‌ಗಳ ಕಥೆ ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಡೇಸ್ಟೇಟ್, ಪ್ರಾಣಿಗಳಿಗೆ ಅರಿವಳಿಕೆ ಚುಚ್ಚುವ ಬಂದೂಕುಗಳಿಂದ ಆರಂಭಿಸಿದ ಕಂಪನಿ. ಈ ಶತಮಾನದ ಆರಂಭದಲ್ಲಿಯೇ ಅದು ಎಲೆಕ್ಟ್ರಾನಿಕ್ ಸಿಡಿತದ ಮೇಲೆ ಹಣ ಹೂಡಿತು. 2020ರಲ್ಲಿ ಅದು ತಂದ ಡೆಲ್ಟಾ ವುಲ್ಫ್ ರೈಫಲ್‌ನಲ್ಲಿ ಸ್ಪರ್ಶಪರದೆಯಿದೆ, ಪ್ರತಿ ಪೆಲೆಟ್‌ನ ವೇಗ ಅಳೆಯುವ ಮಾಪಕವಿದೆ. ಅದರ ದೊಡ್ಡ ಪ್ರತಿಸ್ಪರ್ಧಿ 1999ರಲ್ಲಿ ಹುಟ್ಟಿದ ಸ್ವೀಡನ್ನಿನ ಎಫ್‌ಎಕ್ಸ್. ಈ ಹೊಸಬ ಗೆದ್ದದ್ದು ಮುಖ್ಯವಾಗಿ ಯಾಂತ್ರಿಕ ಜಾಣ್ಮೆಯಿಂದ. ನಳಿಗೆಯನ್ನೂ ಒತ್ತಡವನ್ನೂ ಬಳಕೆದಾರನೇ ಬದಲಿಸಿಕೊಳ್ಳಬಹುದಾದ ರಚನೆಯೇ ಅದರ ಹೆಗ್ಗಳಿಕೆ. ಅಲ್ಲಿ ಹಳಬನ ಕೈಯಲ್ಲಿ ಸರ್ಕಿಟ್, ಹೊಸಬನ ಕೈಯಲ್ಲಿ ಸ್ಕ್ರೂ!

ಹಾಗಾದರೆ ಈ ಸ್ಪರ್ಧೆಯನ್ನು ಕೊನೆಗೆ ನಿರ್ಧರಿಸುವುದು ಯಾವುದು? ನಿಖರತೆ ಎಂಬುದು ಮೊದಲ ಉತ್ತರ. ಆದರೆ ಅದು ಪೂರ್ಣ ಉತ್ತರವಲ್ಲ. ಇಂದಿನ ಯಾವುದೇ ಉನ್ನತ ದರ್ಜೆಯ ಏರ್ ರೈಫಲ್ ಅನ್ನು ಕಬ್ಬಿಣದ ಹಿಡಿತಕ್ಕೆ ಬಿಗಿದು, ಹೊಂದುವ ಪೆಲೆಟ್ ಹಾಕಿ ಹೊಡೆದರೆ ಬಹುತೇಕ ಒಂದೇ ತೂತಿನಲ್ಲಿ ಗುಂಡುಗಳು ಹಾದುಹೋಗುತ್ತವೆ. ಅದನ್ನು ಹಿಡಿದ ಮನುಷ್ಯನೇ ಅದಕ್ಕಿಂತ ಹೆಚ್ಚು ಅಲುಗಾಡುತ್ತಾನೆ. ಆದ್ದರಿಂದ ಕಂಪನಿಗಳು ಮಾರುತ್ತಿರುವುದು ನಿಖರತೆಗಿಂತ ಹೆಚ್ಚಾಗಿ ನಂಬಿಕೆಯನ್ನು. ನಾಳೆ ಬೆಳಿಗ್ಗೆಯೂ ಇದು ಇವತ್ತಿನಂತೆಯೇ ಕೆಲಸ ಮಾಡುತ್ತದೆ, ಮಾಡದಿದ್ದರೆ ಸರಿಪಡಿಸುವವನೊಬ್ಬ ಹತ್ತಿರದಲ್ಲಿರುತ್ತಾನೆ ಎಂಬ ನಂಬಿಕೆ ಅದು.

ಆ ನಂಬಿಕೆಯ ಬೆಲೆ ಏನೆಂದು ಭಾರತಕ್ಕೆ ಗೊತ್ತು. 2021ರ ಜುಲೈ 25ರಂದು ಟೋಕಿಯೊ ಒಲಿಂಪಿಕ್ಸ್‌ನ ಹತ್ತು ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ಎಲೆಕ್ಟ್ರಾನಿಕ್ ಟ್ರಿಗರ್ ವ್ಯವಸ್ಥೆ ಕೈಕೊಟ್ಟಿತು. ಅರವತ್ತು ಹೊಡೆತಗಳಿಗೆ 75 ನಿಮಿಷಗಳ ಅವಧಿ. ಅದರಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ಕಾಲ ದುರಸ್ತಿಗೇ ಹೋಯಿತು. ಮರಳಿ ಬಂದು ಅವಸರದಲ್ಲಿ ಹೊಡೆದ ಅವರು 575 ಅಂಕಗಳೊಂದಿಗೆ ಹನ್ನೆರಡನೆಯವರಾದರು. ಫೈನಲ್ ತಪ್ಪಿದ್ದು ಎರಡೇ ಅಂಕಗಳಿಂದ. ಮೂರು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ಅವರು ಎರಡು ಕಂಚು ಗೆದ್ದರು ಎಂಬುದು ಅವರ ಮನೋಬಲಕ್ಕೆ ಸಾಕ್ಷಿ. ಎಲ್ಲರಿಗೂ ಇನ್ನೊಂದು ಒಲಿಂಪಿಕ್ಸ್ ಸಿಗುವುದಿಲ್ಲ.

ಇದಕ್ಕೆ ಹೋಲಿಸಲು 2008ರ ಬೀಜಿಂಗ್ ಇದೆ. ಏರ್ ರೈಫಲ್ ಫೈನಲ್‌ಗೆ ಮುನ್ನ ಅಭಿನವ್ ಬಿಂದ್ರಾ ಅವರ ರೈಫಲ್‌ನ ಸೈಟ್ ಸ್ಥಾನ ತಪ್ಪಿತ್ತು. ಅಭ್ಯಾಸದ ಹೊಡೆತಗಳಲ್ಲಿಯೇ ಅದನ್ನು ಗುರುತಿಸಿದ ಅವರು, ತಿರುಪು ತಿರುಗಿಸಿ ಸರಿಪಡಿಸಿಕೊಂಡು ದೇಶದ ಮೊದಲ ವೈಯಕ್ತಿಕ ಚಿನ್ನ ತಂದರು. ಎರಡು ಘಟನೆಗಳಲ್ಲಿ ದೋಷದ ಸ್ವರೂಪ ಬೇರೆ ಬೇರೆ ಎಂಬುದು ನಿಜ. ಆದರೂ ಒಂದು ಅಂಶ ಗಮನಾರ್ಹ. ಯಾಂತ್ರಿಕ ಭಾಗದ ತಪ್ಪು ಅನೇಕ ವೇಳೆ ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಮುಚ್ಚಿದ ಡಬ್ಬಿಯೊಳಗಿನ ಸರ್ಕಿಟ್ ತನ್ನ ನೋವನ್ನು ಹೇಳಿಕೊಳ್ಳುವುದಿಲ್ಲ. ಅದಕ್ಕೆ ಬಿಡಿ ಫಲಕ ಬೇಕು, ಅದನ್ನು ಬಲ್ಲ ತಂತ್ರಜ್ಞ ಬೇಕು.

ಯುರೋಪಿನ ಶೂಟರ್‌ಗೆ ಇದು ದೊಡ್ಡ ತೊಡಕಲ್ಲ. ಬಂದೂಕು ಕೆಟ್ಟರೆ ರೈಲು ಹತ್ತಿ ಕಾರ್ಖಾನೆಗೇ ಹೋಗಬಹುದು. ದೊಡ್ಡ ಅಂತರರಾಷ್ಟ್ರೀಯ ಕೂಟಗಳಲ್ಲಿ ತಯಾರಕರ ತಂತ್ರಜ್ಞರೇ ದುರಸ್ತಿಯ ಮೇಜು ಹಾಕಿ ಕುಳಿತಿರುತ್ತಾರೆ. ನಮ್ಮ ಪರಿಸ್ಥಿತಿ ಹಾಗಿಲ್ಲ. 2023ರಲ್ಲಿ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ಬಾಲಕಿ ತಿಲೋತ್ತಮಾ ಸೇನ್ ಇದೇ ಏರ್ ರೈಫಲ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ಸ್ ಕೋಟಾ ತಂದುಕೊಟ್ಟಾಗ, ಈ ಕ್ರೀಡೆ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಎಷ್ಟು ಹತ್ತಿರ ಬಂದಿದೆ ಎಂಬುದು ಅರಿವಾಯಿತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಇಪ್ಪತ್ತು ಜೂಲ್‌ಗಿಂತ ಕಡಿಮೆ ಶಕ್ತಿಯ, .177 ಕ್ಯಾಲಿಬರ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಸ್ಪರ್ಧಾ ರೈಫಲ್‌ಗಳು ಈ ಮಿತಿಯೊಳಗೇ ಬರುತ್ತವೆ. ಆದರೆ ಉನ್ನತ ದರ್ಜೆಯ ರೈಫಲ್ ಆಮದಾಗಬೇಕು. ಬೆಲೆ ಲಕ್ಷಗಳಲ್ಲಿ. ಗಾಳಿ ಸಿಲಿಂಡರ್‌ಗೆ ನಿಗದಿತ ಆಯಸ್ಸಿದೆ, ಅದು ಮುಗಿದರೆ ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಸಾಲ ಮಾಡಿ ಒಂದೇ ಒಂದು ರೈಫಲ್ ಕೊಂಡ ಕುಟುಂಬಕ್ಕೆ ಬದಲಿ ರೈಫಲ್ ಎಂಬುದು ದೂರದ ಮಾತು. ಅಂಥ ಮಗುವಿನ ರೈಫಲ್‌ನ ಸರ್ಕಿಟ್ ರಾಷ್ಟ್ರೀಯ ಆಯ್ಕೆಗೆ ವಾರವಿರುವಾಗ ಕೆಟ್ಟರೆ ಆ ವರ್ಷವೇ ಹೋದಂತೆ.

ಯಾಂತ್ರಿಕ ಟ್ರಿಗರ್ ಇದ್ದ ಕಾಲದಲ್ಲಿ ನಮ್ಮಲ್ಲಿನ ಅನುಭವಿ ಬಂದೂಕು ಕಮ್ಮಾರನೊಬ್ಬ ತನ್ನ ಅರ ಮತ್ತು ಎಣ್ಣೆಯಿಂದ ಏನಾದರೂ ಮಾಡಬಹುದಿತ್ತು. ಎಲೆಕ್ಟ್ರಾನಿಕ್ ಡಬ್ಬಿ ಆ ಕೈಯನ್ನು ಹೊರಗಿಡುತ್ತದೆ. ವಿಪರ್ಯಾಸವೆಂದರೆ ಸರ್ಕಿಟ್ ವಿನ್ಯಾಸ ಬಲ್ಲವರ ಕೊರತೆ ಬೆಂಗಳೂರಿಗೆ ಇಲ್ಲ. ವಿದ್ಯುತ್ಕಾಂತ, ಸಂವೇದಕ, ಬ್ಯಾಟರಿ ಇವು ಯಾವುವೂ ರಹಸ್ಯ ವಿದ್ಯೆಯಲ್ಲ. ಕೊರತೆಯಿರುವುದು ಶೂಟಿಂಗ್ ರೇಂಜ್ ಮತ್ತು ಪ್ರಯೋಗಾಲಯದ ನಡುವಿನ ಸಂಪರ್ಕದಲ್ಲಿ. ದೇಶದೊಳಗೆ ಪ್ರಿಸಿಹೋಲ್‌ನಂಥ ಸಂಸ್ಥೆಗಳು ಏರ್ ರೈಫಲ್ ತಯಾರಿಕೆಯಲ್ಲಿ ತೊಡಗಿವೆ. ಕಲಿಕೆಯ ಹಂತದ ಶೂಟರ್‌ಗಳಿಗೆ ಇದು ಒಳ್ಳೆಯ ಸುದ್ದಿ. ಆದರೆ ವಿಶ್ವಕಪ್ ಮಟ್ಟದ ರೈಫಲ್‌ಗಾಗಿ ನಾವು ಇನ್ನೂ ಉಲ್ಮ್ ಮತ್ತು ಓಬರ್ನ್‌ಡಾರ್ಫ್ ಕಡೆಗೇ ನೋಡುತ್ತಿದ್ದೇವೆ.

ಕಂಪನಿಗಳ ನಡುವೆ ಪೈಪೋಟಿ ಬಿರುಸಾಗಿರುವ ಸಮಯವೇ ಗ್ರಾಹಕ ಷರತ್ತು ಹಾಕಬೇಕಾದ ಸಮಯ. ಶೂಟಿಂಗ್ ವೇಗವಾಗಿ ಬೆಳೆಯುತ್ತಿರುವ ಭಾರತ ಈ ಕಂಪನಿಗಳಿಗೆ ಬೇಕಾದ ಮಾರುಕಟ್ಟೆ. ಹಳಬರು ತಮ್ಮ ಹೆಸರನ್ನು ಉಳಿಸಿಕೊಳ್ಳಬೇಕಾಗಿದೆ, ಹೊಸಬರು ಹೆಸರು ಗಳಿಸಬೇಕಾಗಿದೆ. ರಾಷ್ಟ್ರೀಯ ರೈಫಲ್ ಸಂಸ್ಥೆಯಾಗಲಿ, ಕ್ರೀಡಾ ಪ್ರಾಧಿಕಾರವಾಗಲಿ ಸರ್ಕಾರದ ಹಣದಲ್ಲಿ ರೈಫಲ್‌ಗಳನ್ನು ಕೊಳ್ಳುವಾಗ ಬೆಲೆಯ ಜತೆಗೆ ಮೂರು ಮಾತುಗಳನ್ನು ಒಪ್ಪಂದದಲ್ಲಿ ಸೇರಿಸಬೇಕು. ಭಾರತದಲ್ಲಿಯೇ ಬಿಡಿಭಾಗಗಳ ದಾಸ್ತಾನು ಇರಬೇಕು. ಇಲ್ಲಿನ ತಂತ್ರಜ್ಞರಿಗೆ ತಯಾರಕರೇ ತರಬೇತಿ ಕೊಡಬೇಕು. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ದುರಸ್ತಿಯ ಮೇಜು ಇರಬೇಕು. ಇದನ್ನು ಒಪ್ಪಿದ ಕಂಪನಿ ಹಳೆಯದೋ ಹೊಸದೋ ಎಂಬುದು ಆಮೇಲಿನ ಪ್ರಶ್ನೆ.

ತಮ್ಮ ಮಕ್ಕಳಿಗೆ ರೈಫಲ್ ಕೊಡಿಸಲು ಹೊರಟ ಪೋಷಕರೂ ಇದೇ ಅಳತೆಗೋಲನ್ನು ಹಿಡಿಯುವುದು ಒಳಿತು. ಚಾಂಪಿಯನ್ ಯಾವ ರೈಫಲ್ ಹಿಡಿದಿದ್ದ ಎಂದು ಕೇಳುವ ಮೊದಲು, ಇದು ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಎಷ್ಟು ದಿನದಲ್ಲಿ ಕೈಗೆ ಬರುತ್ತದೆ ಎಂದು ಕೇಳಬೇಕು. ಕಾಲು ಮಿಲಿಮೀಟರಿನಲ್ಲಿ ಪದಕ ನಿರ್ಧಾರವಾಗುವ ಕ್ರೀಡೆಯಲ್ಲಿ ಬೆರಳನ್ನು ಪಳಗಿಸುವುದು ಶೂಟರ್‌ನ ಹೊಣೆ. ಆ ಬೆರಳು ಒತ್ತಿದಾಗ ಬಂದೂಕು ಮಾತು ಕೇಳುವಂತೆ ನೋಡಿಕೊಳ್ಳುವುದು ಅದನ್ನು ಮಾರಿದವರ ಮತ್ತು ಆ ಶೂಟರನ್ನು ದೇಶದ ಹೆಸರಿನಲ್ಲಿ ಕಳುಹಿಸಿದವರ ಹೊಣೆ.