ಲೆಕ್ಕಕ್ಕೆ ಸಿಗದ ಸುತ್ತು

ನೆಲದಲ್ಲಿ ಎರಡು ಗೂಟಗಳನ್ನು ನೆಟ್ಟು, ಹಗ್ಗವೊಂದನ್ನು ಮೊದಲನೆಯದಕ್ಕೆ ಬಲಸುತ್ತು, ಎರಡನೆಯದಕ್ಕೆ ಬಲಸುತ್ತು, ಮತ್ತೆ ಮೊದಲನೆಯದಕ್ಕೆ ಎಡಸುತ್ತು, ಕಡೆಗೆ ಎರಡನೆಯದಕ್ಕೆ ಎಡಸುತ್ತು ಹಾಕಿ ತುದಿಗಳನ್ನು ಬೆಸೆದರೆ, ಒಂದೊಂದು ಗೂಟದ ಲೆಕ್ಕದಲ್ಲಿಯೂ ಬಲವು ಎಡಕ್ಕೆ ವಜಾ ಆಗಿ ಸೊನ್ನೆಯೇ ಉಳಿಯುವುದಾದರೂ, ಗೂಟಗಳ ನೆತ್ತಿಯನ್ನು ದಾಟಿಸದೆ ಎಷ್ಟು ಎಳೆದರೂ ಹಗ್ಗ ಬಿಡಿಸಿಕೊಂಡು ಬಾರದು. ಸುತ್ತುಗಳ ಮೊತ್ತವನ್ನಷ್ಟೇ ನೋಡುವ ಗಣನೆಗೆ ಹೋಮಾಲಜಿಯೆಂದೂ, ಅವುಗಳ ಅನುಕ್ರಮವನ್ನೂ ಮರೆಯದ ವಿಚಾರಕ್ಕೆ ಹೋಮೋಟೊಪಿಯೆಂದೂ ಹೆಸರು. ಮೊದಲನೆಯದು ಸುಲಭಸಾಧ್ಯ, ಎರಡನೆಯದು ಸೂಕ್ಷ್ಮಗ್ರಾಹಿ.

ಹೋಮಾಲಜಿಯ ಕಣ್ಣಿಗೆ ಗೋಳದಂತೆ ಕಾಣುವುದು ಗೋಳವೇ ಆಗಿರಬೇಕೆಂದು 1900ರಲ್ಲಿ ಬರೆದಿದ್ದ ಫ್ರಾನ್ಸಿನ ಆನ್ರಿ ಪ್ವಾಂಕಾರೆ, 1904ರಲ್ಲಿ ತಾನೇ ಅದಕ್ಕೆ ವಿರುದ್ಧವಾದ ಮೂರು ಆಯಾಮದ ಆಕೃತಿಯೊಂದನ್ನು ನಿರ್ಮಿಸಿ ತೋರಿಸಿದನು. ಅದರೊಳಗಿನ ಸುತ್ತುದಾರಿಗಳು 120 ಅಂಗಗಳ ಸಂಕುಲವೊಂದನ್ನು ರಚಿಸುತ್ತವೆ; ಅನುಕ್ರಮವನ್ನು ಅಲಕ್ಷಿಸಿದೊಡನೆ ಆ ಸಂಕುಲವೆಲ್ಲವೂ ಸೊನ್ನೆಯಾಗಿ ಹೋಗುತ್ತದೆ.

ಒಂದಾದ ಮೇಲೊಂದು ಮಾಡಬಹುದಾದ, ಮಾಡಿದ್ದನ್ನು ಹಿಂತೆಗೆಯಲೂ ಬಹುದಾದ ಕ್ರಿಯೆಗಳ ಸಮುದಾಯವೇ ಸಂಕುಲ. ಸಂಕುಲಗಳನ್ನೇ ಆಕೃತಿಗಳಂತೆ ಕಂಡು ಅಳೆಯುವ ಶಾಸ್ತ್ರ ಬೆಳೆದಂತೆ, ಹಳೆಯ ಭೇದವು ಹೊಸ ಪ್ರಶ್ನೆಯಾಗಿ ಎದ್ದುನಿಂತಿತು: ಪರಿಮಿತವೆಂದು ಹೋಮಾಲಜಿ ಸಾಕ್ಷಿ ನುಡಿದ ಸಂಕುಲವನ್ನು ಪರಿಮಿತ ಸಂಖ್ಯೆಯ ಮೂಲಕ್ರಿಯೆಗಳಿಂದಲೂ ನಿಯಮಗಳಿಂದಲೂ ಸಂಪೂರ್ಣವಾಗಿ ವರ್ಣಿಸಲು ಸಾಧ್ಯವೇ? ಇಲ್ಲವೆಂದು 1997ರ ಪ್ರಬಂಧವೊಂದರಲ್ಲಿ ಗಣಿತಜ್ಞರಾದ ಮ್ಲಾಡೆನ್ ಬೆಸ್ತ್ವಿನಾ ಮತ್ತು ನೋಯೆಲ್ ಬ್ರೇಡಿ ಸಾಧಿಸಿ ತೋರಿಸಿದರು. ತ್ರಿಕೋನಗಳಿಂದ ಸೂಕ್ತವಾಗಿ ಹೆಣೆದ ಆಕೃತಿಯ ಪ್ರತಿಯೊಂದು ಶೃಂಗಕ್ಕೂ ಒಂದು ಮೂಲಕ್ರಿಯೆಯನ್ನಿತ್ತು, ಅಂಚಿನಿಂದ ಕೂಡಿದ ಶೃಂಗಗಳ ಕ್ರಿಯೆಗಳನ್ನು ಯಾವುದನ್ನು ಮೊದಲು ಮಾಡಿದರೂ ಫಲ ಒಂದೇ ಎಂಬ ನಿಯಮವನ್ನಿಟ್ಟು, ಮುಂದು ಹಿಂದುಗಳ ಒಟ್ಟು ಲೆಕ್ಕ ಸೊನ್ನೆಯಾಗುವ ಸರಣಿಗಳನ್ನು ಮಾತ್ರ ಅವರು ಆರಿಸಿಕೊಂಡರು. ಆಕೃತಿಯಲ್ಲಿ ಹೋಮಾಲಜಿಗೆ ಕಾಣುವ ರಂಧ್ರವಿಲ್ಲದಿದ್ದರೆ ಈ ಸಂಕುಲ ಹೋಮಾಲಜಿಯ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಆದರೆ ಕುಗ್ಗಿಸಲಾಗದ ಸುತ್ತೊಂದು ಆಕೃತಿಯಲ್ಲಿ ಉಳಿದಿದ್ದರೂ ಪರಿಮಿತ ನಿಯಮಾವಳಿಗೆ ಸಂಕುಲ ಒಳಪಡದು. ಅಂತಹ ಆಕೃತಿ ಬೇಕೆಂದರೆ ಪ್ವಾಂಕಾರೆಯ ಆಕೃತಿಯಿಂದಲೇ ಒಂದು ಚೆಂಡಿನಷ್ಟು ಭಾಗವನ್ನು ತೆಗೆದರೆ ಸಾಕು. ಗಣಿತದಲ್ಲಿ ಇದಕ್ಕಿಂತ ಸೊಗಸಾದ ಪುನರಾಗಮನವನ್ನು ನಾನರಿಯೆ.

ಅದೇ ಪ್ರಬಂಧದ ಇನ್ನೊಂದು ಫಲ ಮತ್ತೂ ವಿಸ್ಮಯಕರ. ಗಣಿತಜ್ಞ ವೈಟ್‌ಹೆಡ್ 1941ರಲ್ಲಿ ಎತ್ತಿದ ಪ್ರಶ್ನೆಯಿಂದ ಹುಟ್ಟಿದ ಊಹೆಯೂ, 1957ರಲ್ಲಿ ಐಲೆನ್‌ಬರ್ಗ್ ಮತ್ತು ಗಾನಿಯಾ ಅವರ ಪ್ರಬಂಧದಿಂದ ಉಳಿದುಬಂದ ಊಹೆಯೂ ಏಕಕಾಲದಲ್ಲಿ ಸತ್ಯವಾಗಿರಲಾರವೆಂದು ಅದು ತೋರಿಸಿತು. ಇವೆರಡರಲ್ಲಿ ಯಾವುದು ಬೀಳುವುದೆಂಬುದು ಇನ್ನೂ ನಿರ್ಣಯವಾಗಿಲ್ಲ.