ಕ್ಲಬ್ ರೂಮಿನ ‘ಪುಕ್ಕಟೆ’ ಲೆಕ್ಕ

ದೊಡ್ಡ ಹೋಟೆಲಿನಲ್ಲಿ ರೂಮ್ ಬುಕ್ ಮಾಡುವಾಗ ಸಾಮಾನ್ಯ ರೂಮಿನ ಕೆಳಗೇ ‘ಕ್ಲಬ್ ರೂಮ್’ ಎಂಬ ಇನ್ನೊಂದು ಸಾಲು ಕಾಣುತ್ತದೆ. ದರ ಕೆಲವು ಸಾವಿರ ಹೆಚ್ಚು. ಇಷ್ಟು ಹೆಚ್ಚು ಕೊಟ್ಟ ಮೇಲೆ ರೂಮೂ ದೊಡ್ಡದಿರಲೇಬೇಕು ಎಂದು ಹಲವರು ನಂಬಿರುತ್ತಾರೆ. ಆದರೆ ಬಹಳಷ್ಟು ಹೋಟೆಲುಗಳಲ್ಲಿ ಕ್ಲಬ್ ರೂಮು ಕೆಳಗಿನ ಮಹಡಿಯ ರೂಮಿನ ಪಡಿಯಚ್ಚು. ಅದೇ ಮಂಚ, ಅದೇ ಬಾತ್‌ರೂಮು. ಕಿಟಕಿ ಮಾತ್ರ ನಾಲ್ಕಾರು ಮಹಡಿ ಮೇಲಿರುತ್ತದೆ. ಹೆಚ್ಚಿಗೆ ಕೊಟ್ಟ ದುಡ್ಡು ಹೋಗುವುದು ರೂಮಿಗಲ್ಲ, ಕ್ಲಬ್ ಅತಿಥಿಗಳಿಗೆಂದೇ ಇರುವ ಲೌಂಜಿಗೆ. ಬೆಳಗಿನ ತಿಂಡಿ, ಹಗಲಿಡೀ ಕಾಫಿ-ಟೀ, ನಾಲ್ಕು ಗಂಟೆಗೆ ಕೇಕು-ಸ್ಯಾಂಡ್‌ವಿಚ್ಚು, ಸಂಜೆ ಎರಡು ತಾಸು ಮದ್ಯ ಮತ್ತು ಕುರುಕಲು, ಕೆಲವೆಡೆ ಒಂದು ತಾಸು ಮೀಟಿಂಗ್ ರೂಮು, ಎರಡು ಬಟ್ಟೆಗೆ ಇಸ್ತ್ರಿ. ನಾವು ಕೊಳ್ಳುವುದು ಇವನ್ನು.

ಇಲ್ಲಿಂದಲೇ ಎರಡನೆಯ ನಂಬಿಕೆ ಹುಟ್ಟುತ್ತದೆ: ಮೂರು ಸಾವಿರ ಕೊಟ್ಟರೆ ಆರು ಸಾವಿರದಷ್ಟು ತಿಂದು ಕುಡಿಯಬಹುದು, ಅಂದರೆ ಅರ್ಧ ಪುಕ್ಕಟೆ. ಈ ಲೆಕ್ಕ ಹಾಕುವವರು ಲೌಂಜಿನ ಪ್ರತಿ ಕಪ್ ಕಾಫಿಗೂ ಪ್ರತಿ ಪೆಗ್ಗಿಗೂ ಅದೇ ಹೋಟೆಲಿನ ಮೆನು ದರ ಹಿಡಿಯುತ್ತಾರೆ. ತಪ್ಪಾಗುವುದು ಅಲ್ಲೇ. ಕ್ಲಬ್ ಇಲ್ಲದಿದ್ದರೆ ಅಷ್ಟೊಂದು ಕಾಫಿಯನ್ನು ಆ ದರಕ್ಕೆ ಯಾರು ಕುಡಿಯುತ್ತಿದ್ದರು? ಬೆಂಗಳೂರಿನಲ್ಲಿ ಇಳಿದುಕೊಂಡವರಿಗೆ ಹತ್ತು ನಿಮಿಷದ ನಡಿಗೆಯಲ್ಲಿ ದರ್ಶಿನಿ ಇರುತ್ತದೆ. ಹೋಟೆಲಿನ ಒಂದು ಕಾಫಿಯ ಬೆಲೆಗೆ ಅಲ್ಲಿ ಇಬ್ಬರ ತಿಂಡಿಯೇ ಮುಗಿಯುತ್ತದೆ, ಕಾಫಿಯೂ ಬಹುಶಃ ಅದಕ್ಕಿಂತ ಚೆನ್ನಾಗಿರುತ್ತದೆ. ಆದ್ದರಿಂದ ಲೌಂಜಿನ ಬೆಲೆ ಕಟ್ಟಬೇಕಾದದ್ದು ಮೆನುವಿನಿಂದಲ್ಲ, ಅದು ಇಲ್ಲದಿದ್ದರೆ ನಮ್ಮ ಜೇಬಿನಿಂದ ನಿಜವಾಗಿ ಹೋಗುತ್ತಿದ್ದ ಹಣದಿಂದ. ಬೆಳಗಿನ ತಿಂಡಿಯ ಮಾತೂ ಅಷ್ಟೇ. ನಮ್ಮಲ್ಲಿ ಸಾಮಾನ್ಯ ರೂಮಿನ ದರದಲ್ಲೇ ಎಷ್ಟೋ ಸಲ ತಿಂಡಿ ಸೇರಿರುತ್ತದೆ. ಅದನ್ನೇ ಮತ್ತೊಮ್ಮೆ ಕ್ಲಬ್ಬಿನ ಲಾಭದ ಪಟ್ಟಿಗೆ ಬರೆದುಕೊಳ್ಳುವಂತಿಲ್ಲ. ಸಾಲದ್ದಕ್ಕೆ ಲೌಂಜಿನ ತಿಂಡಿ ಕೆಳಗಿನ ರೆಸ್ಟೋರೆಂಟಿನ ಬಫೆಗಿಂತ ಚಿಕ್ಕದಾಗಿರುವುದೇ ಹೆಚ್ಚು. ದೋಸೆ ಹುಯ್ಯುವ ಕಾವಲಿ ಕೆಳಗೆ, ಟೋಸ್ಟರು ಮೇಲೆ.

ಲೆಕ್ಕದಿಂದ ಜಾರಿಹೋಗುವ ಇನ್ನೊಂದು ಬಾಬ್ತು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. ದಾಟಿದ ಭಾಗಕ್ಕೆ ಮಾತ್ರವಲ್ಲ, ಇಡೀ ಮೊತ್ತಕ್ಕೆ. ಸಾಮಾನ್ಯ ರೂಮು 7,000 ಎಂದುಕೊಳ್ಳಿ, ತೆರಿಗೆ ಸೇರಿ 7,350. ಕ್ಲಬ್ಬಿಗೆ 3,000 ಹೆಚ್ಚು ಎಂದರೆ ದರ 10,000, ತೆರಿಗೆ ಸೇರಿ 11,800. ಮೂರು ಸಾವಿರದ ಸೌಕರ್ಯಕ್ಕೆ ನಾವು ತೆತ್ತದ್ದು 4,450. ಮೊದಲೇ 12,000 ರೂಪಾಯಿಯ ರೂಮು ಹಿಡಿಯುವವರಿಗೆ ಈ ಜಿಗಿತ ಇಲ್ಲ. ಅವರಿಗೆ ಎರಡೂ ಕಡೆ ಶೇ 18. ಕಂಪನಿ ಖರ್ಚಿನಲ್ಲಿ ಹೋಗುವವರು ‘ತೆರಿಗೆ ವಾಪಸ್ ಸಿಗುತ್ತದಲ್ಲ’ ಎನ್ನಬಹುದು. ಆದರೆ ರೂಮಿನ ತೆರಿಗೆ ಲೆಕ್ಕಕ್ಕೆ ಬರುವುದು ಹೋಟೆಲ್ ಇರುವ ರಾಜ್ಯದಲ್ಲಿ. ಕಂಪನಿಗೆ ಆ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿ ಇಲ್ಲದಿದ್ದರೆ ಆ ತೆರಿಗೆಯ ಕ್ರೆಡಿಟ್ ದಕ್ಕುವುದಿಲ್ಲ.

ಹಾಗಾದರೆ ಕ್ಲಬ್ ರೂಮೆಂದರೆ ಬರೀ ದುಂದೇ? ಹಾಗೆನ್ನುವುದೂ ಇನ್ನೊಂದು ತಪ್ಪು ಕಲ್ಪನೆಯೇ. ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ, ಅದಕ್ಕೆ ಮುಖ್ಯ ಕಾರಣ ಸಂಜೆಯ ಮದ್ಯ. ಸಿಂಗಪುರದಲ್ಲಿ ವೈನ್ ಮತ್ತು ಸ್ಪಿರಿಟ್‌ಗಳ ಮೇಲೆ ಅವುಗಳಲ್ಲಿರುವ ಆಲ್ಕೋಹಾಲಿನ ಪ್ರತಿ ಲೀಟರಿಗೆ 88 ಸಿಂಗಪುರ ಡಾಲರ್ ಸುಂಕವಿದೆ. ಹೋಟೆಲಿನ ಬಾರಿನಲ್ಲಿ ಕುಳಿತರೆ ಬಿಲ್ಲಿಗೆ ಸಾಮಾನ್ಯವಾಗಿ ಶೇ 10 ಸೇವಾ ಶುಲ್ಕ, 2024ರಿಂದ ಶೇ 9 ಜಿಎಸ್‌ಟಿ. ಅಲ್ಲಿ ಗಂಡಹೆಂಡತಿ ಇಬ್ಬರೂ ಸಂಜೆ ಎರಡೆರಡು ಗ್ಲಾಸ್ ವೈನ್ ಕುಡಿಯುವವರಾಗಿದ್ದು, ಹೊರಗೆ ಹೋದರೂ ಅಷ್ಟೇ ಕುಡಿಯುತ್ತಿದ್ದರು ಎಂದಾದರೆ ಕ್ಲಬ್ಬಿನ ಹೆಚ್ಚುವರಿ ಹಣದ ದೊಡ್ಡ ಪಾಲು ಅಲ್ಲೇ ವಸೂಲಾಗುತ್ತದೆ. ಇದೇ ದಂಪತಿಯನ್ನು ಅಹಮದಾಬಾದಿಗೋ ಪಟ್ನಾಕ್ಕೋ ಕರೆದೊಯ್ಯಿರಿ. ಗುಜರಾತಿನಲ್ಲಿ 1960ರಲ್ಲಿ ರಾಜ್ಯ ಹುಟ್ಟಿದಾಗಿನಿಂದ ಪಾನನಿಷೇಧ, ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ. ಅಲ್ಲಿ ಕ್ಲಬ್ಬಿನ ಸಂಜೆ ಎಂದರೆ ಜ್ಯೂಸು ಮತ್ತು ಪಕೋಡ. ಬೆಂಗಳೂರಿನಲ್ಲೂ ಗಾಂಧಿ ಜಯಂತಿಯಂದು, ಮತದಾನ ಮುಗಿಯುವ ಮುಂಚಿನ 48 ಗಂಟೆ ಬಾಟಲಿಗಳು ಒಳಗೇ ಇರುತ್ತವೆ. ಇನ್ನು ಮದ್ಯವನ್ನೇ ಮುಟ್ಟದವರಿಗೆ ಎಲ್ಲ ಊರೂ ಒಂದೇ: ಪ್ಯಾಕೇಜಿನ ಅತಿ ದುಬಾರಿ ಭಾಗಕ್ಕೆ ಹಣ ಕೊಟ್ಟು, ಅದನ್ನು ಪಕ್ಕದ ಮೇಜಿನವರಿಗೆ ಬಿಟ್ಟುಬರುತ್ತಾರೆ.

ರಾತ್ರಿಯೂಟ ಉಳಿಯುತ್ತದಲ್ಲ ಎಂಬ ವಾದಕ್ಕೆ ಅಷ್ಟು ಬಲವಿಲ್ಲ. ಸಂಜೆಯ ತಿನಿಸು ಸಾಮಾನ್ಯವಾಗಿ ಎಂಟರ ಹೊತ್ತಿಗೆ ಮುಗಿಯುತ್ತದೆ. ಊರು ಸುತ್ತಿ ಒಂಬತ್ತಕ್ಕೆ ಬಂದವರಿಗೆ ಸಿಗುವುದು ಬಿಸ್ಕತ್ತಿನ ಭರಣಿ. ಕುಟುಂಬದವರು ಇನ್ನೂ ಒಂದು ವಿಷಯ ಕೇಳಿಕೊಳ್ಳಬೇಕು. ಕ್ಲಬ್ ದರ ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ. ಮೂರನೆಯವರಿಗೆ ಪ್ರತ್ಯೇಕ ಹಣ, ಮಕ್ಕಳಿಗೆ ಕೆಲವೆಡೆ ಸಂಜೆ ಪ್ರವೇಶವೇ ಇಲ್ಲ. ಅಪ್ಪ-ಅಮ್ಮ ಸರದಿಯ ಮೇಲೆ ಲೌಂಜಿಗೆ ಹೋಗಿಬರುವುದು ಯಾವ ಸೀಮೆ ರಜೆ?

ಇಷ್ಟಾದರೂ ಒಂದು ಆಕ್ಷೇಪ ಗಟ್ಟಿಯಾಗಿ ನಿಲ್ಲುತ್ತದೆ: ‘ನನಗೆ ಬೇಕಾದದ್ದು ತಿನಿಸಲ್ಲ, ಗದ್ದಲವಿಲ್ಲದ ಜಾಗ.’ ಬೆಳಗ್ಗೆ ಎರಡು ಮೀಟಿಂಗ್ ಮುಗಿಸಿ, ರೂಮ್ ಖಾಲಿ ಮಾಡಿ, ರಾತ್ರಿ ವಿಮಾನಕ್ಕೆ ಕಾಯುವವರಿಗೆ ಲೌಂಜಿನ ಒಂದು ಮೂಲೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಹಣ ಕೊಡುವುದನ್ನು ದುಂದು ಎನ್ನಲಾಗದು. ಆದರೆ ಗದ್ದಲವಿಲ್ಲ ಎಂಬುದಕ್ಕೆ ಖಾತರಿ ಇಲ್ಲ. ಮ್ಯಾರಿಯಟ್‌ನ ಸದಸ್ಯತ್ವದಲ್ಲಿ ವರ್ಷಕ್ಕೆ 50 ರಾತ್ರಿ ತಂಗಿ ಪ್ಲಾಟಿನಂ ಆದವರು ಆ ಕಂಪನಿಯ ಬಹಳಷ್ಟು ಹೋಟೆಲುಗಳ ಲೌಂಜಿಗೆ ಸಾಮಾನ್ಯ ರೂಮಿನ ದರದಲ್ಲೇ, ಜೊತೆಗೊಬ್ಬರನ್ನು ಕರೆದುಕೊಂಡು, ಹೋಗಬಹುದು. ಹಯಾತ್‌ನಲ್ಲಿ 60 ರಾತ್ರಿ ತಂಗಿ ಗ್ಲೋಬಲಿಸ್ಟ್ ಆದವರಿಗೂ ಕ್ಲಬ್ ಪ್ರವೇಶವಿದೆ. ಹೀಗಾಗಿ ಕೈಯಿಂದ ಹಣ ಕೊಟ್ಟವರು ಸಂಜೆ ಆರಕ್ಕೆ ಕುರ್ಚಿ ಹುಡುಕುವಾಗ ಕುಳಿತವರಲ್ಲಿ ಎಷ್ಟೋ ಜನ ಪ್ರತ್ಯೇಕ ಹಣ ಕೊಡದೆ ಬಂದವರಿರುತ್ತಾರೆ. ಮ್ಯಾರಿಯಟ್‌ನದೇ ರಿಟ್ಜ್-ಕಾರ್ಲ್ಟನ್‌ನಲ್ಲಿ ಮಾತ್ರ ಈ ಸದಸ್ಯತ್ವ ಕ್ಲಬ್ಬಿನ ಬಾಗಿಲು ತೆರೆಯುವುದಿಲ್ಲ, ಅಲ್ಲಿ ಹಣ ಕೊಟ್ಟವರಿಗಷ್ಟೇ ಪ್ರವೇಶ. ನಿಶ್ಶಬ್ದಕ್ಕಾಗಿಯೇ ಖರ್ಚು ಮಾಡುವವರು ಬುಕಿಂಗಿಗೆ ಮೊದಲು ಹೋಟೆಲಿಗೊಂದು ಫೋನ್ ಮಾಡಿ, ಸದಸ್ಯತ್ವದ ಮೇಲೆ ಬರುವವರಿಗೂ ಇದೇ ಲೌಂಜೇ ಎಂದು ಕೇಳುವುದು ಒಳ್ಳೆಯದು. ಹೌದು ಎಂದರೆ ಸಾಮಾನ್ಯ ರೂಮನ್ನೇ ಹಿಡಿದು, ಚೆಕ್-ಇನ್ ಹೊತ್ತಿಗೆ ಲೌಂಜಿನೊಳಗೆ ಒಮ್ಮೆ ಇಣುಕಿ ನೋಡಿ, ಕ್ಲಬ್ಬಿಗೆ ಆ ದಿನ ಎಷ್ಟು ಹೆಚ್ಚು ಎಂದು ಕೌಂಟರಿನಲ್ಲೇ ವಿಚಾರಿಸಬಹುದು.