ಕಡಲತಡಿಯ ವಿಹಾರಶಿಬಿರ

ಶಿಬಿರವೆಂದೊಡನೆ ಗುಡಾರವೂ ಗೂಟವೂ ನೆನಪಿಗೆ ಬರುವುದು ಸಹಜ. ಬ್ರಿಟಿಷ್ ಕಡಲತಡಿಯ ವಿಹಾರಶಿಬಿರಗಳೂ ಮೊದಲಲ್ಲಿ ಹಾಗೆಯೇ ಇದ್ದುವು. 1894ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕನ್ನಿಂಗ್‌ಹ್ಯಾಮ್ ಎಂಬಾತನು ತರುಣರಿಗಾಗಿಯೂ, 1906ರಲ್ಲಿ ಕೇಸ್ಟರಿನಲ್ಲಿ ಸಮಾಜವಾದಿ ಜಾನ್ ಫ್ಲೆಚರ್ ಡಾಡ್ ದುಡಿಯುವ ಜನರಿಗಾಗಿಯೂ ಹೂಡಿದುದು ಬಟ್ಟೆಯ ಬಿಡಾರಗಳನ್ನೇ. ಆದರೆ 1936ರ ಏಪ್ರಿಲ್ 11ರಂದು ಲಿಂಕನ್‌ಷೈರಿನ ಸ್ಕೆಗ್‌ನೆಸ್‌ನಲ್ಲಿ ಬಿಲ್ಲಿ ಬಟ್ಲಿನ್ ತೆರೆದ ಶಿಬಿರದಲ್ಲಿದ್ದುವು ವಿದ್ಯುದ್ದೀಪವೂ ಕೊಳಾಯಿ ನೀರೂ ಉಳ್ಳ ಪುಟ್ಟ ಮನೆಗಳು. ಅವನ್ನು ಅಲ್ಲಿ ಷಾಲೆಗಳೆಂದು ಕರೆಯುತ್ತಾರೆ.

ಬಟ್ಲಿನನ ಹಿರಿಮೆ ಈಜುಕೊಳದಲ್ಲಿಯೂ ನೃತ್ಯಶಾಲೆಯಲ್ಲಿಯೂ ಇದೆಯೆಂದು ಹಲವರು ಭಾವಿಸುತ್ತಾರೆ. ನಿಜವಾದ ಹಿರಿಮೆ ಇರುವುದು ಬೇರೆಡೆ. ಅದನ್ನು ಅರಿಯಬೇಕಾದರೆ ಅಂದಿನ ಬಾಡಿಗೆಕೋಣೆಯ ಯಜಮಾನಿಯನ್ನೂ ಅಲ್ಲಿಯ ಮಳೆಯನ್ನೂ ಒಟ್ಟಿಗೆ ಕಲ್ಪಿಸಿಕೊಳ್ಳಬೇಕು. ಬೆಳಗಿನ ಉಪಾಹಾರ ಮುಗಿದೊಡನೆ ಅತಿಥಿಗಳು ಹೊರಗೆ ಹೋಗತಕ್ಕದ್ದು, ಊಟದ ಹೊತ್ತಿನವರೆಗೆ ಮರಳತಕ್ಕದ್ದಲ್ಲ ಎಂಬುದು ಎಷ್ಟೋ ಮನೆಗಳಲ್ಲಿ ಕಟ್ಟುನಿಟ್ಟಾದ ನಿಯಮವಾಗಿದ್ದಿತು. ವರ್ಷವೆಲ್ಲ ದುಡಿದು ಕಾಸಿಗೆ ಕಾಸು ಕೂಡಿಟ್ಟು ಕಡಲನ್ನು ಕಾಣಬಂದ ಸಂಸಾರವು, ಜಡಿಮಳೆಯಲ್ಲಿ ಕೈಕೂಸನ್ನೆತ್ತಿಕೊಂಡು, ಯಾವ ಸೂರೂ ತಮ್ಮದಲ್ಲದೆ, ಬೀದಿಬೀದಿ ಅಲೆಯುವ ನೋಟವನ್ನು ವೇಲ್ಸಿನ ಬ್ಯಾರಿ ದ್ವೀಪದಲ್ಲಿ ಕಂಡುದೇ ತನ್ನ ಯೋಜನೆಗೆ ಬೀಜವಾಯಿತೆಂದು ಬಟ್ಲಿನನೇ ಹೇಳಿಕೊಂಡಿದ್ದಾನೆ. ಅವನು ಮಾರಿದುದು ಹಗಲಿನಲ್ಲಿಯೂ ಹೊರದೂಡದ ಸೂರನ್ನು. ಮೂರು ಹೊತ್ತಿನ ಊಟವೂ ಸಕಲ ವಿನೋದವೂ ಒಂದೇ ದರದಲ್ಲಿ ಅದರೊಡನೆ ಸೇರಿದ್ದುವು. ಆ ಮೊದಲ ಋತುವಿನಲ್ಲಿ ವಾರದ ದರವು 35 ಷಿಲಿಂಗಿನಿಂದ ಆರಂಭವಾಗುತ್ತಿತ್ತು.

ಆರಂಭದಲ್ಲಿ ಅತಿಥಿಗಳು ಪರಸ್ಪರ ಮಾತಾಡದೆ ಬಿಗುಮಾನದಿಂದ ಕುಳಿತಿರಲು, ನಾರ್ಮನ್ ಬ್ರ್ಯಾಡ್‌ಫರ್ಡ್ ಎಂಬ ಸಹಾಯಕನು ಬಟ್ಲಿನನ ಕೋರಿಕೆಯಂತೆ ಎದ್ದುನಿಂತು ಅವರನ್ನು ನಗಿಸಿದನು. ಕೆಂಪು ಕೋಟಿನ ಪರಿಚಾರಕವರ್ಗವು ಹುಟ್ಟಿದುದು ಹೀಗೆ. ನನಗಂತೂ ಅದಕ್ಕಿಂತ ಪ್ರಿಯವಾದುದು ರಾತ್ರಿಯ ಪಹರೆ. ಮಕ್ಕಳನ್ನು ಮಲಗಿಸಿ ತಂದೆತಾಯಿಗಳು ನೃತ್ಯಕ್ಕೆ ಹೋದಮೇಲೆ ದಾದಿಯರು ಷಾಲೆಗಳ ಸಾಲುಗಳ ನಡುವೆ ಕಿವಿಗೊಟ್ಟು ಸುತ್ತುವರು; ಎಲ್ಲಿಯಾದರೂ ಅಳು ಕೇಳಿದರೆ ಆ ಮನೆಯ ಸಂಖ್ಯೆಯು ಸಭಾಂಗಣದ ಫಲಕದ ಮೇಲೆ ಕಾಣಿಸಿಕೊಳ್ಳುವುದು; ತಾಯಿ ಎದ್ದು ಹೊರಡುವಳು. ಎಂತಹ ಸರಳವಾದ ಏರ್ಪಾಡು! ಅಡಿಗೆಮನೆಯಿಂದಲೂ ತೊಟ್ಟಿಲಿನಿಂದಲೂ ಒಂದು ಸಂಜೆಯ ಮಟ್ಟಿಗಾದರೂ ಬಿಡುಗಡೆ ಪಡೆದ ಆ ತಾಯಂದಿರನ್ನು ಬಿಟ್ಟು ಈ ಶಿಬಿರಗಳ ಚರಿತ್ರೆಯನ್ನು ಬರೆಯಲಾಗದು.

ಸಂಬಳಸಹಿತ ರಜೆಯ ಶಾಸನದಿಂದಲೇ ಶಿಬಿರಗಳು ಹುಟ್ಟಿದುವೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಶಾಸನವು ಬಂದುದು 1938ರಲ್ಲಿ, ಸ್ಕೆಗ್‌ನೆಸ್ ತೆರೆದ ಎರಡು ವರ್ಷಗಳ ತರುವಾಯ. ಅದೂ ಎಲ್ಲರಿಗೆ ರಜೆಯನ್ನು ವಿಧಿಸಲಿಲ್ಲ, ಕೂಲಿ ನಿಗದಿಮಾಡುವ ಮಂಡಲಿಗಳಿಗೆ ಒಂದು ವಾರದವರೆಗೆ ರಜೆ ಕೊಡಿಸುವ ಅಧಿಕಾರವನ್ನಷ್ಟೇ ನೀಡಿತು.

ಯುದ್ಧಕಾಲದಲ್ಲಿ ಸ್ಕೆಗ್‌ನೆಸ್ ನೌಕಾದಳದ ತರಬೇತಿ ನೆಲೆಯಾಯಿತು. ಯುದ್ಧಾನಂತರ ಬಟ್ಲಿನನ ಇನ್ನೊಂದು ಶಿಬಿರವಾದ ಫೈಲಿಗೆ ಸ್ವಂತ ರೈಲುನಿಲ್ದಾಣವೇ ಬಂದಿತು. ಆಮೇಲೆ ಅಗ್ಗದ ವಿಮಾನಗಳು ಜನರನ್ನು ಸ್ಪೇನಿನ ಬಿಸಿಲಿಗೆ ಒಯ್ದುವು. 1983ರಲ್ಲಿ ಫೈಲಿಯ ಶಿಬಿರವೂ ಕ್ಲ್ಯಾಕ್ಟನ್ನಿನಲ್ಲಿದ್ದ ಬಟ್ಲಿನನ ಶಿಬಿರವೂ ಮುಚ್ಚಿದುವು. ಬಟ್ಲಿನನ ಹೆಸರಿನಲ್ಲಿ ಈಗ ಉಳಿದಿರುವುವು ಸ್ಕೆಗ್‌ನೆಸ್, ಮೈನ್‌ಹೆಡ್, ಬೋಗ್ನರ್ ಮೂರೇ. ಸ್ಕೆಗ್‌ನೆಸ್‌ನಲ್ಲಿ ಮೊದಲ ಕಾಲದ ಒಂದು ಷಾಲೆಯನ್ನು ಸಂರಕ್ಷಿತ ಕಟ್ಟಡವಾಗಿ ಉಳಿಸಿದ್ದಾರೆ. ಅರಮನೆಗಳನ್ನೂ ಕೋಟೆಗಳನ್ನೂ ಅಳೆದು ನಕ್ಷೆ ಬರೆಯುವ ನಮ್ಮ ಇತಿಹಾಸ ವಿದ್ಯಾರ್ಥಿಗಳು ಈ ಪುಟ್ಟ ಮನೆಯ ಮುಂದೆಯೂ ಅಷ್ಟೇ ಶ್ರದ್ಧೆಯಿಂದ ಅಳತೆಪಟ್ಟಿ ಹಿಡಿದು ನಿಲ್ಲಬೇಕೆಂದು ನನ್ನ ಪ್ರಾರ್ಥನೆ.